ವೀಕೆಂಡ್ ಟ್ರಿಪ್: ಎಲ್ಲಿಗೆ ಅನ್ನುವ ಮೊದಲು ಯಾವತ್ತು, ಹೇಗೆ, ಯಾರ ಮನೆಗೆ

ಬೆಂಗಳೂರಿನಿಂದ ತಪ್ಪಿಸಿಕೊಳ್ಳುವ ದಾರಿಗಳು ಬಹಳ ಇಲ್ಲ. ನೆಲಮಂಗಲ ದಾಟಿದರೆ ಹಾಸನ, ಸಕಲೇಶಪುರ, ಚಿಕ್ಕಮಗಳೂರು. ಬಿಡದಿ ದಾಟಿದರೆ ಮೈಸೂರು, ಕೊಡಗು, ಬಂಡೀಪುರ. ಹೆಬ್ಬಾಳ ದಾಟಿದರೆ ನಂದಿ. ಶುಕ್ರವಾರ ರಾತ್ರಿ ಈ ಮೂರೂ ಕಡೆ ಬ್ರೇಕ್ ಲೈಟುಗಳ ಸಾಲು. ಭಾನುವಾರ ಸಂಜೆ ಅದೇ ಗಾಡಿಗಳು ಅದೇ ಟೋಲಿನಲ್ಲಿ ವಾಪಸ್.

ವಾಟ್ಸಾಪ್ ಗ್ರೂಪಿನಲ್ಲಿ ಟ್ರಿಪ್ ಮಾತು ಶುರುವಾದ ತಕ್ಷಣ ಬರುವ ಮೊದಲ ಪ್ರಶ್ನೆ 'ಎಲ್ಲಿಗೆ?' ಅನ್ನೋದು. ನಾನು ಅದನ್ನು ಕೊನೆಗೆ ಇಡುತ್ತೇನೆ. ಯಾವತ್ತು ಹೋಗೋದು, ಯಾವುದರಲ್ಲಿ ಹೋಗೋದು, ಯಾರ ಹತ್ತಿರ ಉಳಿಯೋದು, ಈ ಮೂರು ಗೊತ್ತಾದರೆ ಊರು ಯಾವುದಾದರೂ ಪರವಾಗಿಲ್ಲ. ಯಾಕೆಂದರೆ ನಮ್ಮಿಂದ ಒಂದು ಊರಿಗೆ ಆಗುವ ಒಳ್ಳೆಯದು ಕೆಟ್ಟದ್ದು ಹೆಚ್ಚಾಗಿ ಈ ಮೂರರಲ್ಲೇ ತೀರ್ಮಾನವಾಗುತ್ತದೆ. ಕೆಳಗಿನ ಪ್ರತಿ ಆಯ್ಕೆಯನ್ನೂ ಎರಡು ಪ್ರಶ್ನೆ ಇಟ್ಟುಕೊಂಡು ತೂಗಿದ್ದೇನೆ. ನಮ್ಮ ದುಡ್ಡಿನಲ್ಲಿ ಎಷ್ಟು ಆ ಊರಲ್ಲೇ ಉಳಿಯುತ್ತದೆ? ನಾವು ಬಿಟ್ಟು ಬರುವ ಕಸ, ಸದ್ದು, ನೀರಿನ ಖರ್ಚು ಯಾರ ತಲೆಗೆ ಬೀಳುತ್ತದೆ?

ಶನಿವಾರವೋ, ಮಂಗಳವಾರವೋ

2024ರ ಜನವರಿ 26 ಶುಕ್ರವಾರ ಬಂದಿತ್ತು. ಮೂರು ದಿನ ಒಟ್ಟಿಗೆ ರಜೆ. ಆ ವಾರಾಂತ್ಯ ಕುಮಾರಪರ್ವತದ ಕಾಲುದಾರಿಯಲ್ಲಿ ಜನ ಇರುವೆ ಸಾಲಿನ ಹಾಗೆ ನಿಂತಿದ್ದ ಫೋಟೋ ನೀವೂ ನೋಡಿರುತ್ತೀರಿ. ಕಾಡಿನ ನಡುವೆ ಟ್ರಾಫಿಕ್ ಜಾಮ್. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ನಿಲ್ಲಿಸಿತು. ಮುಂದೆ ಹೊಸ ಬುಕಿಂಗ್ ವ್ಯವಸ್ಥೆ ಬಂತು, ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿಯೂ ಬಂತು. ಅದೇ ಬೆಟ್ಟಕ್ಕೆ ಮಂಗಳವಾರ ಹೋದವರಿಗೆ ಆ ಜಾಮ್ ಕಾಣುತ್ತಿರಲಿಲ್ಲ, ಅಲ್ವಾ? ಬೆಟ್ಟ ಅದೇ, ದಾರಿ ಅದೇ, ದಿನ ಮಾತ್ರ ಬೇರೆ.

ಮುಳ್ಳಯ್ಯನಗಿರಿಯದ್ದೂ ಇದೇ ಕಥೆ. ರಾಜ್ಯದಲ್ಲೇ ಎತ್ತರದ ಶಿಖರ ಅಂದ ಮೇಲೆ ಎಲ್ಲರಿಗೂ ಬೇಕು. ಆದರೆ ಮೇಲೆ ಹತ್ತುವ ಘಾಟಿ ರಸ್ತೆ ಕಿರಿದು, ಎದುರಿಂದ ಗಾಡಿ ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು. ಆ ರಸ್ತೆಯನ್ನು ನಮಗೋಸ್ಕರವೇ ಹಾಕಿದ್ದಲ್ಲ. ತೋಟದ ಕೆಲಸಕ್ಕೆ ಹೋಗುವವರು, ಆಸ್ಪತ್ರೆಗೆ ಇಳಿಯುವವರು, ಸಂತೆಗೆ ಹೊರಟವರು ಅದರಲ್ಲೇ ಓಡಾಡಬೇಕು. ಶನಿವಾರ ಅವರು ಮನೆಯಲ್ಲೇ ಕೂರುವ ಹಾಗಾದರೆ ತಪ್ಪು ಯಾರದ್ದು? ಈಗ ಅಲ್ಲೂ ವಾಹನಗಳಿಗೆ ಮುಂಗಡ ಬುಕಿಂಗ್ ಮತ್ತು ಮಿತಿ ಬಂದಿದೆ. ಸುಮ್ನೆ ಹೋಗಿ ಚೆಕ್‌ಪೋಸ್ಟಿನಲ್ಲಿ ಜಗಳ ಆಡಬೇಡಿ, ಬುಕ್ ಮಾಡಿಕೊಂಡೇ ಹೊರಡಿ.

ಹಾಗಾಗಿ ನನ್ನ ಮೊದಲ ಸಲಹೆ: ರಜೆ ಹಾಕಲು ಆಗುವವರು ವಾರದ ಮಧ್ಯೆ ಹೋಗಿ. ವರ್ಕ್ ಫ್ರಮ್ ಹೋಮ್ ಇರುವವರಿಗಂತೂ ನೆಪವೇ ಇಲ್ಲ. ರೂಮಿನ ಬಾಡಿಗೆಯೂ ಕಡಿಮೆ ಇರುತ್ತದೆ, ಅಡುಗೆ ಮಾಡುವವರಿಗೂ ಮಾತಾಡುವಷ್ಟು ಪುರಸೊತ್ತು ಇರುತ್ತದೆ. ಶನಿವಾರ ತುಂಬಿ ಮಂಗಳವಾರ ಖಾಲಿ ಬೀಳುವ ಊರಿಗೆ ಮಂಗಳವಾರದ ಗಿರಾಕಿಯೇ ಜಾಸ್ತಿ ಬೇಕು. ಪೂರ್ತಿ ವಾರದ ಮಧ್ಯೆ ಆಗಲ್ಲ ಅಂದರೆ ಭಾನುವಾರ ಮಧ್ಯಾಹ್ನ ಹೊರಟು ಸೋಮವಾರ ರಾತ್ರಿ ಬನ್ನಿ. ಜಾತ್ರೆ ಹೊರಡುವ ಹೊತ್ತಿಗೆ ನೀವು ಒಳಗೆ ಹೋಗುತ್ತೀರಿ.

ಸ್ಕೂಲ್ ಮಕ್ಕಳಿರುವ ಮನೆಗೆ ಈ ಸಲಹೆ ಉಪಯೋಗಕ್ಕೆ ಬರಲ್ಲ, ಗೊತ್ತು. ಅವರಿಗೆ ವಾರಾಂತ್ಯವೇ ಗತಿ. ಅಂಥವರು ದಿನ ಬದಲಿಸುವ ಬದಲು ಜಾಗ ಬದಲಿಸಬಹುದು. ನಂದಿ ಬೆಟ್ಟವನ್ನೇ ತಗೊಳ್ಳಿ. ಭಾನುವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಕೆಳಗಿನ ಗೇಟಿನಲ್ಲಿ ಕಾರುಗಳ ಸಾಲು. ಮೇಲೆ ಹೋದರೆ ಮಂಜು ಕಾಣುವುದಕ್ಕಿಂತ ಸೆಲ್ಫಿ ಸ್ಟಿಕ್ ಜಾಸ್ತಿ ಕಾಣುತ್ತದೆ. ಅದೇ ಬೆಟ್ಟದ ಬುಡದಲ್ಲಿ, ನಂದಿ ಗ್ರಾಮದಲ್ಲಿ, ಭೋಗನಂದೀಶ್ವರ ದೇವಸ್ಥಾನ ಇದೆ. ಒಂಬತ್ತನೇ ಶತಮಾನದಲ್ಲಿ ಶುರುವಾದ ಗುಡಿ. ಕಲ್ಯಾಣಿಯ ಮೆಟ್ಟಿಲ ಮೇಲೆ ಒಂದು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಸೂರ್ಯ ಅಲ್ಲೂ ಹುಟ್ಟುತ್ತಾನೆ.

ರೈಲು, ಬಸ್ಸು, ಕಾರು, ಟಿಟಿ

ರೈಲು ಇರುವ ಕಡೆ ರೈಲು. ಇದರಲ್ಲಿ ನನಗೆ ಎರಡು ಮಾತಿಲ್ಲ. ಹೊಗೆ ಕಡಿಮೆ, ಖರ್ಚು ಕಡಿಮೆ, ನಾವು ಹೋದ ಊರಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವ ತಲೆನೋವೂ ಇಲ್ಲ. ಮೈಸೂರು ಲೈನಿನಲ್ಲಿ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಸಾಲಾಗಿ ಸಿಗುತ್ತವೆ. ರಂಗನತಿಟ್ಟಿಗೆ ಶ್ರೀರಂಗಪಟ್ಟಣದಲ್ಲಿ ಇಳಿದು ಆಟೋ ಹಿಡಿದರೆ ಆಯ್ತು. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಗ್ಗೆ ಹೊಸಪೇಟೆ. ಚಿಕ್ಕಮಗಳೂರಿಗೆ ಕಡೂರಿನಲ್ಲಿ ಇಳಿದು ಬಸ್ ಹಿಡಿಯಬಹುದು. ಸಕಲೇಶಪುರಕ್ಕೆ ನೇರ ರೈಲಿದೆ. ಯಶವಂತಪುರದಿಂದ ಮಂಗಳೂರಿಗೆ ಹಗಲಲ್ಲಿ ಹೋಗುವ ಗಾಡಿಗೆ 2021ರಿಂದ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿ ಹಾಕಿದ್ದಾರೆ. ಘಾಟಿ ನೋಡಲು ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಅದೇ ಸಕಲೇಶಪುರ–ಸುಬ್ರಹ್ಮಣ್ಯ ಹಳಿ ಮೇಲೆ 'ಗ್ರೀನ್ ರೂಟ್' ಅಂತ ನಡೆದುಕೊಂಡು ಹೋಗುವುದಕ್ಕೆ ಅನುಮತಿ ಇಲ್ಲ. ಸುರಂಗದೊಳಗೆ ರೈಲು ಬಂದರೆ ಸರಿಯಲು ಜಾಗವೂ ಇಲ್ಲ.

ಕೊಡಗಿಗೆ ರೈಲಿಲ್ಲ. ಮಡಿಕೇರಿಗೆ ಕೆಎಸ್‌ಆರ್‌ಟಿಸಿಯ ಎಲೆಕ್ಟ್ರಿಕ್ ಬಸ್ ಓಡುತ್ತದೆ, ಚಿಕ್ಕಮಗಳೂರಿಗೂ ಇದೆ. ಸದ್ದಿಲ್ಲ, ಡೀಸೆಲ್ ವಾಸನೆ ಇಲ್ಲ, ಘಾಟಿಯಲ್ಲಿ ಹೊಟ್ಟೆ ತೊಳಸುವುದೂ ಕಡಿಮೆ. ದೊಡ್ಡ ಊರು ತಲುಪಿದ ಮೇಲೆ ಹಳ್ಳಿಗೆ ಹೋಗುವ ಚಿಕ್ಕ ಬಸ್ಸಿನಲ್ಲಿ ಒಂದು ಸೂಕ್ಷ್ಮ ಇದೆ. ಆ ಬಸ್ಸು ದಿನಕ್ಕೆ ಎರಡೋ ಮೂರೋ ಸಲ ಮಾತ್ರ. ಅದರಲ್ಲಿ ಊರವರ ಹಾಲಿನ ಕ್ಯಾನು, ಮಕ್ಕಳ ಬ್ಯಾಗು, ಸಂತೆ ಚೀಲ. ನಿಮ್ಮ ಬೆನ್ನುಚೀಲಕ್ಕೊಂದು ಸೀಟು ಹಿಡಿಯಬೇಡಿ, ತೊಡೆ ಮೇಲೆ ಇಟ್ಟುಕೊಳ್ಳಿ.

ಕಾರಿನ ವಿಷಯದಲ್ಲಿ ಉಪದೇಶ ಕೊಡುವ ಆಸೆ ಇಲ್ಲ. ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದಾಗ ಕಾರೇ ಸರಿ. ಐದು ಜನ ಒಂದು ಕಾರಿನಲ್ಲಿ ಹೋದರೆ ಲೆಕ್ಕ ಅಷ್ಟೇನೂ ಕೆಟ್ಟದಲ್ಲ. ಇಬ್ಬರಿಗೊಂದು ದೊಡ್ಡ ಎಸ್‌ಯುವಿ, ನಾಲ್ಕು ಜೋಡಿಗೆ ನಾಲ್ಕು ಎಸ್‌ಯುವಿ, ಅದು ಸ್ವಲ್ಪ ಜಾಸ್ತಿಯೇ ಆಯಿತು.

ಕಾರಿನಲ್ಲಿ ಮೈಸೂರು ಕಡೆ ಹೋಗುವವರು ಒಂದು ಕೆಲಸ ಮಾಡಬಹುದು. ಹೋಗುವಾಗಲೋ ಬರುವಾಗಲೋ ಒಂದು ಕಡೆಯಾದರೂ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೇ ರಸ್ತೆ ಹಿಡಿಯಿರಿ. 2023ರಲ್ಲಿ ಹೊಸ ರಸ್ತೆ ಬಂದ ಮೇಲೆ ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲ ಪಕ್ಕಕ್ಕೆ ಸರಿದವು. ರಸ್ತೆ ಬದಿಯ ಗೊಂಬೆ ಅಂಗಡಿ, ವಡೆ ಹೋಟೆಲ್‌ಗಳಿಗೆ ಗಿರಾಕಿ ಇಳಿಯಿತು. ಬೈಕಿನವರಿಗೆ ಈ ಆಯ್ಕೆಯೇ ಇಲ್ಲ. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೋ ಬಿಡುವುದಿಲ್ಲ. ಅವರು ಹೇಗೂ ಊರೊಳಗೇ ಹೋಗಬೇಕು, ನಿಂತು ಟೀ ಕುಡಿಯಲಿ. ಸೈಲೆನ್ಸರ್ ಮಾತ್ರ ಕಂಪನಿ ಕೊಟ್ಟದ್ದೇ ಇರಲಿ.

ಟಿಟಿ, ಅಂದರೆ ಟೆಂಪೋ ಟ್ರಾವೆಲರ್. ಹನ್ನೆರಡು ಜನಕ್ಕೆ ಒಂದೇ ಗಾಡಿ, ಕಾಗದದ ಮೇಲೆ ಒಳ್ಳೆ ಲೆಕ್ಕ. ಆದರೆ ಡ್ರೈವರ್ ಕಡೆ ಸ್ವಲ್ಪ ನೋಡಿ. ಶುಕ್ರವಾರ ರಾತ್ರಿ ಹತ್ತಕ್ಕೆ ಮೆಜೆಸ್ಟಿಕ್ಕಿನಿಂದಲೋ ಮಾರತ್ತಹಳ್ಳಿಯಿಂದಲೋ ಹೊರಟು ಬೆಳಗ್ಗೆ ಐದಕ್ಕೆ ಬೆಟ್ಟದ ಬುಡ. ನಾವು ಹತ್ತುತ್ತೇವೆ. ಅವರು ಗಾಡಿಯ ಹಿಂದಿನ ಸೀಟಿನಲ್ಲಿ ಕಾಲು ಮಡಚಿಕೊಂಡು, ಕಿಟಕಿಗೊಂದು ಟವೆಲ್ ಸಿಕ್ಕಿಸಿ ಮಲಗುತ್ತಾರೆ. ಬಿಸಿಲೇರಿದರೆ ಒಳಗೆ ಕಾವು, ಕಿಟಕಿ ತೆಗೆದರೆ ಸೊಳ್ಳೆ. ಸ್ನಾನಕ್ಕೆ ಜಾಗ ಇರಲ್ಲ. ಮತ್ತೆ ಭಾನುವಾರ ರಾತ್ರಿ ಇಡೀ ಓಡಿಸಬೇಕು. ಜವಾಬ್ದಾರಿಯ ಪ್ರವಾಸ ಅಂತ ದೊಡ್ಡ ಮಾತಾಡುವ ನಾವು ನಮ್ಮ ಜೊತೆಗೇ ಬಂದವರನ್ನು ಮರೆಯುತ್ತೇವೆ. ರೂಮ್ ಬುಕ್ ಮಾಡುವಾಗಲೇ ಡ್ರೈವರ್‌ಗೆ ಮಲಗಲು ಜಾಗ ಇದೆಯಾ, ಊಟ ನಮ್ಮ ಜೊತೆಗೇ ಕೊಡುತ್ತೀರಾ ಅಂತ ಕೇಳಿ. ಇಲ್ಲ ಅಂದರೆ ಬೇರೆ ಜಾಗ ನೋಡಿ. ಬಾಟಾ (ದಿನದ ಭತ್ಯೆ) ಕೊಟ್ಟಿದ್ದೇವಲ್ಲ ಅನ್ನುವುದು ಉತ್ತರ ಆಗಲ್ಲ. ರಾತ್ರಿ ಪ್ರಯಾಣಕ್ಕಂತೂ ನನ್ನ ಆಯ್ಕೆ ಸರ್ಕಾರಿ ಬಸ್ಸೇ.

ಹೋಂಸ್ಟೇ, ರೆಸಾರ್ಟ್, ಮಯೂರ

ಹೋಂಸ್ಟೇ ಅಂದರೆ ಒಳ್ಳೆಯದು, ರೆಸಾರ್ಟ್ ಅಂದರೆ ಕೆಟ್ಟದು ಅನ್ನುವ ನಂಬಿಕೆ ಇದೆ. ಅರ್ಧ ಸರಿ. ಬೋರ್ಡಿನ ಮೇಲೆ ಹೋಂಸ್ಟೇ ಅಂತ ಇದ್ದರೂ ಒಳಗೆ ಎರಡು ಜಾತಿ ಇವೆ.

ಒಂದು ಜಾತಿಯಲ್ಲಿ ಮನೆಯವರು ಅಲ್ಲೇ ಇರುತ್ತಾರೆ. ಎರಡೋ ಮೂರೋ ರೂಮು. ಅಡುಗೆ ಅವರೇ ಮಾಡುತ್ತಾರೆ, ಇಲ್ಲವೇ ಪಕ್ಕದ ಲೈನ್‌ಮನೆಯ, ಅಂದರೆ ತೋಟದ ಕೆಲಸದವರ ಸಾಲುಮನೆಯ, ಅಕ್ಕ ಬಂದು ಮಾಡುತ್ತಾರೆ. ಕಡಂಬುಟ್ಟು, ಅಕ್ಕಿ ರೊಟ್ಟಿ, ಮಳೆಗಾಲವಾದರೆ ಕೆಸುವಿನ ಪತ್ರೊಡೆ. ತೋಟದ ಕಾಫಿ. ಅಲ್ಲಿ ಕೊಟ್ಟ ದುಡ್ಡು ಆ ಊರಿನ ಕಿರಾಣಿ ಅಂಗಡಿಗೆ, ಮೀನಿನವರಿಗೆ, ಜೀಪಿನ ಅಣ್ಣನಿಗೆ ಹಂಚಿಹೋಗುತ್ತದೆ. ಇನ್ನೊಂದು ಜಾತಿಯಲ್ಲಿ ಮನೆಯವರು ಇರುವುದೇ ಇಲ್ಲ. ಹೊರಗಿನವರು ಲೀಸಿಗೆ ತೆಗೆದುಕೊಂಡು, ಹದಿನೈದು ಟೆಂಟು ಹೊಡೆದು, ಡಿಜೆ, ಕ್ಯಾಂಪ್‌ಫೈರ್, ರೈನ್ ಡ್ಯಾನ್ಸ್ ಅಂತ ಪ್ಯಾಕೇಜು ಮಾರುತ್ತಾರೆ. ಅದು ಹೆಸರಿಗಷ್ಟೇ ಮನೆ.

ಎರಡನ್ನೂ ಫೋನಿನಲ್ಲೇ ಗುರುತಿಸಬಹುದು. "ಊಟ ಯಾರು ಮಾಡ್ತಾರೆ ಅಕ್ಕ?" ಅಂತ ಕೇಳಿ. ಉತ್ತರದಲ್ಲಿ ಒಬ್ಬ ಮನುಷ್ಯರ ಮಾತು ಬಂದರೆ ಸರಿ, 'ಬಫೆ ಇದೆ ಸರ್, ಅನ್‌ಲಿಮಿಟೆಡ್' ಅಂತ ಬಂದರೆ ಗೊತ್ತಾಯಿತಲ್ಲ. ಆಮೇಲೆ, ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಆಗಿದೆಯಾ ಅಂತ ಕೇಳಿ. ಆಗಿರುವವರು ಬೇಸರ ಮಾಡಿಕೊಳ್ಳುವುದಿಲ್ಲ. ಇನ್ನೂ ಒಂದು ಪ್ರಶ್ನೆ ಇದೆ, ಅದನ್ನು ಯಾರೂ ಕೇಳುವುದಿಲ್ಲ: ಕಸ ಎಲ್ಲಿಗೆ ಹೋಗುತ್ತೆ? ಬೆಂಗಳೂರಿನಲ್ಲಿ ಬೆಳಗ್ಗೆ ಕಸದ ಆಟೋ ಬಾಗಿಲಿಗೆ ಬರುತ್ತದೆ. ಗುಡ್ಡದ ಮೇಲಿನ ಒಂಟಿ ಮನೆಗೆ ಬರುವುದಿಲ್ಲ. ಅಲ್ಲಿ ನೀವು ಬಿಟ್ಟ ಚಿಪ್ಸ್ ಪ್ಯಾಕೆಟ್ಟು, ನೀರಿನ ಬಾಟಲಿ ಸುಡುವ ಗುಂಡಿಗೋ ಹಳ್ಳದ ಬದಿಗೋ ಹೋಗಬೇಕು. ಹಾಗಾಗಿ ಅಂಥ ಕಸ ಚೀಲಕ್ಕೆ ಹಾಕಿ ವಾಪಸ್ ತನ್ನಿ, ಮನೆ ಹತ್ತಿರದ ಒಣ ಕಸಕ್ಕೆ ಕೊಡಿ. ಗಾಜಿನ ಬಾಟಲಿ ಅಂತೂ ತೋಟದಲ್ಲಿ, ಗದ್ದೆಯಲ್ಲಿ ಬಿಡಲೇಬಾರದು. ಅಲ್ಲಿ ಬರಿಗಾಲಲ್ಲಿ ಕೆಲಸ ಮಾಡುವವರಿದ್ದಾರೆ, ದನ ಮೇಯುತ್ತವೆ, ಆನೆ ಓಡಾಡುತ್ತದೆ.

ರೆಸಾರ್ಟಿನ ಪರವಾಗಿಯೂ ಒಂದು ಮಾತು ಹೇಳಬೇಕು. ಮೂವತ್ತು ಜನರ ಆಫೀಸ್ ಟೀಮ್ ಹೋಗುವುದಾದರೆ ಪಾಪ, ಮೂರು ರೂಮಿನ ಮನೆಯವರ ತಲೆ ಮೇಲೆ ಬೀಳಬೇಡಿ. ಆ ಸದ್ದನ್ನು ತಡೆಯುವಷ್ಟು ದೊಡ್ಡ ಕಾಂಪೌಂಡು, ಕೊಳಚೆ ನೀರು ಶುದ್ಧ ಮಾಡುವ ಘಟಕ, ಸಂಬಳಕ್ಕೆ ಪಿಎಫ್ ಕಟ್ಟುವ ಮಾಲೀಕರು ಇರುವ ರೆಸಾರ್ಟೇ ಅಲ್ಲಿ ಮೇಲು. ನೀರಿನ ವಿಷಯ ಬಂದಾಗ ಮಾತ್ರ ನನ್ನ ತಕ್ಕಡಿ ವಾಲುತ್ತದೆ. ಕೊಡಗಿನಲ್ಲಿ ಮಳೆ ಧಾರಾಳ, ಹಾಗಂತ ಮಾರ್ಚ್–ಏಪ್ರಿಲ್‌ನಲ್ಲಿ ನೀರು ಧಾರಾಳ ಇರುವುದಿಲ್ಲ. ತಲಕಾವೇರಿಯಲ್ಲಿ ಹುಟ್ಟುವ ನೀರೇ ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಪಂಪಾಗಿ ನಮ್ಮ ನಲ್ಲಿಗೆ ಬರುವುದು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಹೇಳಿದ್ದರಲ್ಲ. ಇಲ್ಲಿ ದಂಡಕ್ಕೆ ಹೆದರಿ ಬಕೆಟ್ ಹಿಡಿದವರು ಅಲ್ಲಿಗೆ ಹೋಗಿ ಪ್ರತಿ ರೂಮಿಗೊಂದು ಖಾಸಗಿ ಪೂಲ್ ಕೇಳುವುದು ಯಾವ ನ್ಯಾಯ?

ಮೂರನೆಯದು ಸರ್ಕಾರಿ ಜಾಗಗಳು. ರಾಜ್ಯ ಪ್ರವಾಸೋದ್ಯಮ ನಿಗಮ ಕೆಎಸ್‌ಟಿಡಿಸಿಯ ಮಯೂರ ಹೋಟೆಲ್‌ಗಳು, ಮತ್ತು 1980ರಲ್ಲಿ ಶುರುವಾದ, ಕಾಡಿನ ಬಳಿ ವಸತಿ ನಡೆಸುವ ಜಂಗಲ್ ಲಾಡ್ಜಸ್. ಮಯೂರದ ರೂಮು ಸ್ವಲ್ಪ ಹಳೆಯದಾಗಿರಬಹುದು, ಬಾತ್‌ರೂಮಿನ ಬಲ್ಬು ಮಿಣಮಿಣ ಅನ್ನಬಹುದು. ಆದರೆ ಜಾಗ ಅದ್ಭುತ. ಮಡಿಕೇರಿಯ ವ್ಯಾಲಿ ವ್ಯೂ, ಹಂಪಿ ಪಕ್ಕದ ಕಮಲಾಪುರದ ಭುವನೇಶ್ವರಿ, ಎರಡೂ ಹೆಸರುವಾಸಿ. ಹೊಸದಾಗಿ ಗುಡ್ಡ ಕಡಿದು ಕಟ್ಟಿದ ವಿಲ್ಲಾಕ್ಕಿಂತ ಮೊದಲಿನಿಂದ ನಿಂತ ಕಟ್ಟಡದಲ್ಲಿ ಉಳಿಯುವುದು ನನಗೆ ಇಷ್ಟ. ಜಂಗಲ್ ಲಾಡ್ಜಸ್ ದುಬಾರಿ, ಎಲ್ಲರಿಗೂ ಕೈಗೆಟುಕದು.

ಮೂರರಲ್ಲಿ ಒಂದು ಆರಿಸು ಅಂದರೆ, ನಾಲ್ಕೈದು ಜನಕ್ಕೆ ಮನೆಯವರು ಇರುವ ಹೋಂಸ್ಟೇ. ಅದು ಸಿಗದಿದ್ದರೆ ಮಯೂರ. ಅಲ್ಲಿ ಹೋದ ಮೇಲೆ ತೋಟದೊಳಗೆ ಕೇಳದೆ ನುಗ್ಗಬೇಡಿ. ಹೂಮಳೆ ಬಿದ್ದ ಮೇಲೆ ಕಾಫಿ ಗಿಡ ಬೆಳ್ಳಗೆ ಅರಳಿದಾಗ ಎಲ್ಲರಿಗೂ ಒಂದು ಗೊಂಚಲು ಕಿತ್ತು ತಲೆಗೆ ಮುಡಿಯುವ ಆಸೆ. ಒಂದು ಹೂ ಅಂದರೆ ಒಂದು ಹಣ್ಣು. ಕೊಯ್ದದ್ದು ಅವರ ಬೆಳೆ.

ಹುಲಿಯೋ, ಹೆಜ್ಜಾರ್ಲೆಯೋ

ಪ್ರಾಣಿ ನೋಡಬೇಕು ಅಂದರೆ ಎಲ್ಲರ ಬಾಯಲ್ಲೂ ಬಂಡೀಪುರ, ಕಬಿನಿ. ಹುಲಿ ಕಂಡರೆ ಟ್ರಿಪ್ ಸಾರ್ಥಕ, ಕಾಣದಿದ್ದರೆ ದುಡ್ಡು ದಂಡ ಅನ್ನುವ ಮನಸ್ಸಿನಲ್ಲಿ ಹೋಗುವವರಿಗೆ ನನ್ನ ಸಲಹೆ, ಹೋಗಬೇಡಿ. ಆ ಮನಸ್ಸೇ ಜೀಪಿನ ಡ್ರೈವರ್‌ಗೆ ಹುಲಿ ಹತ್ತಿರ ನುಗ್ಗಿಸುವಂತೆ ಒತ್ತಡ ತರುವುದು.

ಕಾಡಂಚಿನ ಊರವರಿಗೆ ಹುಲಿ ಬೇರೆಯೇ ವಿಷಯ. ಸರಗೂರು, ಎಚ್.ಡಿ. ಕೋಟೆ ಕಡೆ ಹುಲಿ ದಾಳಿಗೆ ರೈತರು ಸತ್ತಾಗ ಊರವರು ಸಫಾರಿ ಮೇಲೆ ಸಿಟ್ಟಾದರು. 2025ರ ನವೆಂಬರ್‌ನಲ್ಲಿ ಸರ್ಕಾರ ಬಂಡೀಪುರ, ನಾಗರಹೊಳೆ ಎರಡೂ ಕಡೆ ಸಫಾರಿ ನಿಲ್ಲಿಸಿ ಸಿಬ್ಬಂದಿಯನ್ನು ಹುಲಿ ಹುಡುಕುವ ಕೆಲಸಕ್ಕೆ ಹಚ್ಚಿತು. ಅದೇ ಹೊತ್ತಿಗೆ ಬುಕಿಂಗ್ ಕ್ಯಾನ್ಸಲ್ ಆಯಿತು ಅಂತ ಬೈಯುವವರೂ ಇದ್ದರು. ಸಫಾರಿಗೆ ಹೋಗುವುದಾದರೆ ಅರಣ್ಯ ಇಲಾಖೆಯ ಮಾಹಿತಿ ಮೊದಲು ನೋಡಿ. ಒಬ್ಬೊಬ್ಬರಿಗೊಂದು ಜೀಪಿನ ಬದಲು ಇಲಾಖೆಯ ಬಸ್ಸಿನಲ್ಲಿ ಹೋದರೆ ಕಾಡಿನೊಳಗೆ ಗಾಡಿಯಾದರೂ ಕಡಿಮೆ. ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚುತ್ತದೆ, 2009ರಿಂದಲೂ ಹೀಗೇ. ಊಟಿಯಿಂದ ಬರುವಾಗ ಗೇಟು ಮುಚ್ಚುತ್ತೆ ಅಂತ ಎಂಟೂವರೆಗೆ ಕಾಡಿನೊಳಗೆ ನೂರರ ಸ್ಪೀಡಿನಲ್ಲಿ ಓಡಿಸುವವರಿಗೆ ಆ ನಿಯಮ ಯಾಕೆ ಮಾಡಿದ್ದು ಅನ್ನುವುದೇ ಮರೆತಿರುತ್ತದೆ. ಅದೇ ರಸ್ತೆಯಲ್ಲಿ 2025ರ ಆಗಸ್ಟ್‌ನಲ್ಲಿ ಆನೆ ಜೊತೆ ಫೋಟೋಕ್ಕೆ ಇಳಿದವನನ್ನು ಆನೆ ಅಟ್ಟಿಸಿಕೊಂಡು ಹೋಗಿ ಕೆಡವಿತು. ಜೀವ ಉಳಿಯಿತು. ಆಮೇಲೆ 25,000 ರೂಪಾಯಿ ದಂಡ ಕಟ್ಟಿದ.

ಇದರ ಎದುರಿಗೆ ನಾನು ಇಡುವುದು ಕೊಕ್ಕರೆ ಬೆಳ್ಳೂರು. ಮದ್ದೂರು ತಾಲ್ಲೂಕಿನ ಒಂದು ಸಾಧಾರಣ ಹಳ್ಳಿ. ಚನ್ನಪಟ್ಟಣ ದಾಟಿದ ಮೇಲೆ ರುದ್ರಾಕ್ಷಿಪುರದ ಹತ್ತಿರ ಒಳಗೆ ತಿರುಗಬೇಕು. ರೈಲಿನಲ್ಲಾದರೆ ಮದ್ದೂರಿನಲ್ಲಿ ಇಳಿದು ಬಸ್ಸೋ ಆಟೋವೋ. ಬೇಲಿ ಹಾಕಿದ ಅಭಯಾರಣ್ಯದ ಕಲ್ಪನೆ ಇಟ್ಟುಕೊಂಡು ಹೋದರೆ ಗಲಿಬಿಲಿ ಆಗುತ್ತದೆ. ಊರಿನ ಬೀದಿ, ಹೆಂಚಿನ ಮನೆ, ಮನೆ ಮುಂದೆ ಹುಣಸೆ ಮರ, ಮರದ ತುಂಬ ಹೆಜ್ಜಾರ್ಲೆ (ಪೆಲಿಕನ್) ಮತ್ತು ಬಣ್ಣದ ಕೊಕ್ಕರೆ. ಕೆಳಗೆ ಜಗಲಿಯಲ್ಲಿ ಅಜ್ಜಿ ಕಾಳು ಆರಿಸುತ್ತಿರುತ್ತಾರೆ, ಮೇಲೆ ಗೂಡಿನಲ್ಲಿ ಮರಿಗಳು ಬಾಯಿ ತೆರೆದು ಕಿರುಚುತ್ತಿರುತ್ತವೆ. ಒಮ್ಮೊಮ್ಮೆ ಮೀನಿನ ತುಂಡು ದಾರಿಗೆ ಬೀಳುತ್ತದೆ. ಹಿಕ್ಕೆಯಿಂದ ಎಲೆಯೆಲ್ಲ ಬೆಳ್ಳಗೆ. ವಾಸನೆ ಇದೆ, ಸುಳ್ಳು ಹೇಳುವುದಿಲ್ಲ, ಚೆನ್ನಾಗಿಯೇ ಇದೆ.

ಊರವರು ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳ ಹಾಗೆ ನೋಡಿಕೊಂಡು ಬಂದಿದ್ದಾರೆ. ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಗೊಬ್ಬರ. ಗೂಡು ಇರುವ ಮರದ ಹುಣಸೆ ಹಣ್ಣನ್ನು ಬಡಿಯುವಂತಿಲ್ಲ. ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಲೆಕ್ಕದಲ್ಲಿ ಪರಿಹಾರ ಕೊಡುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ಊರಿನ ಹುಡುಗರೇ ಹೆಜ್ಜಾರ್ಲೆ ಬಳಗ ಅಂತ ಕಟ್ಟಿಕೊಂಡರು. ಕಾಡಿನ ಪ್ರಾಣಿಯೂ ಊರಿನ ಜನವೂ ಒಂದೇ ಅಂಗಳದಲ್ಲಿ ಬದುಕುವುದನ್ನು ಮಕ್ಕಳಿಗೆ ತೋರಿಸಬೇಕು ಅಂದರೆ ಇದಕ್ಕಿಂತ ಹತ್ತಿರ ಬೇರೆ ಪಾಠಶಾಲೆ ಬೇಡ. ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಹೋಗಿ.

ಆದರೆ ಇಲ್ಲಿ ನಮ್ಮ ಜವಾಬ್ದಾರಿ ಸಫಾರಿಗಿಂತ ಹೆಚ್ಚು, ಯಾಕೆಂದರೆ ನಾವು ನಿಂತಿರುವುದು ಯಾರದ್ದೋ ಮನೆ ಬಾಗಿಲಲ್ಲಿ. ಕಾರನ್ನು ಊರಿನ ಹೊರಗೆ ನಿಲ್ಲಿಸಿ. ಹಾರ್ನ್ ಬೇಡ, ಡ್ರೋನ್ ಬೇಡವೇ ಬೇಡ. ಉದ್ದ ಲೆನ್ಸಿನವರು ಹಕ್ಕಿ ಹಿಡಿಯುವ ಭರದಲ್ಲಿ ಪಕ್ಕದ ಮನೆಯ ಬಚ್ಚಲಿನ ಕಡೆ ಕ್ಯಾಮೆರಾ ತಿರುಗಿಸಿ ನಿಂತಿರುವುದು ಅವರಿಗೇ ಗೊತ್ತಾಗುವುದಿಲ್ಲ. ಮನೆಯವರ ಫೋಟೋ ಬೇಕಾದರೆ "ಅಜ್ಜಿ, ಒಂದು ಫೋಟೋ ತೆಗೀಲಾ?" ಅಂತ ಕೇಳಿ. ಬೇಡ ಅಂದರೆ ಬೇಡ. ಊರಲ್ಲಿ ಒಂದು ಎಳನೀರು, ಒಂದು ಟೀ ಆದರೂ ಕುಡಿಯಿರಿ. ಬೆಂಗಳೂರಿನಿಂದ ಡಬ್ಬಿಯಲ್ಲಿ ಪುಳಿಯೋಗರೆ ತಂದು, ಅಲ್ಲೇ ತಿಂದು, ಕೈ ತೊಳೆದು ಹೊರಟರೆ ಊರಿಗೆ ಸಿಕ್ಕಿದ್ದೇನು?

ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರಿಗೂ ಇದೇ ಮಾತು. ಅಲ್ಲಿನ ಸೋಲಿಗ ಬುಡಕಟ್ಟಿನವರಿಗೆ 2011ರಲ್ಲಿ ಕಾಡಿನ ಮೇಲೆ ಸಮುದಾಯದ ಹಕ್ಕು ಸಿಕ್ಕಿದೆ. ಅವರ ಜೇನು, ಕಾಫಿ ಕೊಳ್ಳಿ. ಅವರ ಪೋಡು, ಅಂದರೆ ಹಾಡಿ, ನೋಡುವ ಜಾಗ ಅಲ್ಲ, ಕರೆದರೆ ಮಾತ್ರ ಹೋಗುವ ಜಾಗ.

ಚಾರಣ: ಇಲಾಖೆ ಟಿಕೆಟ್ಟೋ, ಇನ್‌ಸ್ಟಾಗ್ರಾಮ್ ಗುಂಪೋ

ಇದು ಸುಲಭ. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ತಾಣದಲ್ಲಿ ಬುಕ್ ಮಾಡಿ, ಗುರುತಿನ ಚೀಟಿ ಹಿಡಿದು ಹೋಗಿ. ಸ್ಥಳೀಯ ಗೈಡ್ ಇದ್ದರೆ ಅವರ ಹಿಂದೆ ನಡೆಯಿರಿ. ಬೆಂಗಳೂರಿನ ಟ್ರೆಕ್ಕಿಂಗ್ ಗುಂಪಿನ ಜೊತೆ ಹೋಗುವುದೂ ತಪ್ಪಲ್ಲ. ಹೊಸಬರಿಗೆ ಅದು ಧೈರ್ಯ. ದುಡ್ಡು ಕಳಿಸುವ ಮೊದಲು ನನ್ನ ಹೆಸರಿನ ಇಲಾಖೆ ಟಿಕೆಟ್ ಕಳಿಸಿ ಅಂತ ಕೇಳಿ. 'ಅಲ್ಲಿ ಹೋಗಿ ನೋಡ್ಕೊಳ್ಳೋಣ ಬ್ರೋ' ಅಂದರೆ ಬಿಟ್ಟುಬಿಡಿ. ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಆ ಬಂಡೆಗಳ ಮೇಲೆ ಗೂಡು ಕಟ್ಟುವ ಹದ್ದುಗಳು ಉಳಿದಿರುವುದೇ ಬೆರಳೆಣಿಕೆಯಷ್ಟು. ಬಂಡೆ ಹತ್ತುವ ಹುರುಪಿನವರಿಗೆ ಬೇರೆ ಬಂಡೆಗಳು ಬೇಕಾದಷ್ಟಿವೆ.

ಕುಕ್ಕೆ, ಧರ್ಮಸ್ಥಳ ಕಡೆ ನದಿಯಲ್ಲಿ ಮುಳುಗು ಹಾಕುವವರು ಸೋಪು, ಶಾಂಪೂ ಬಿಟ್ಟು ಇಳಿಯಿರಿ. ಉಟ್ಟ ಬಟ್ಟೆ ನೀರಿಗೆ ಬಿಡುವ ರೂಢಿಯನ್ನೂ ಬಿಡಿ.

ಹಂಪಿ: ಯಾವ ದಡ

ಹೊಸಪೇಟೆಯಲ್ಲಿ ಉಳಿದರೆ ಹೋಟೆಲ್ ಸುಲಭ, ಬಸ್ ಸುಲಭ. ಕಮಲಾಪುರ ಸ್ಮಾರಕಗಳಿಗೆ ಹತ್ತಿರ. ನದಿ ಆಚೆಯ ಆನೆಗೊಂದಿಯಲ್ಲಿ ಊರಿನ ಹಳೇ ಮನೆಗಳಲ್ಲೇ ಉಳಿಯಬಹುದು. ಅಲ್ಲಿ ಹೆಂಗಸರು ಬಾಳೆ ನಾರಿನಲ್ಲಿ ಚೀಲ, ಚಾಪೆ ಹೆಣೆಯುತ್ತಾರೆ. ಬಿಡುವಿದ್ದರೆ ಕೂತು ನೋಡಿ. ನಾನು ಆನೆಗೊಂದಿಯ ಕಡೆ. ನದಿ ನಡುವಿನ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ 2020ರಲ್ಲಿ ಕೆಡವಿದ್ದು ನೆನಪಿರಲಿ. ರಕ್ಷಿತ ಜಾಗದಲ್ಲಿ ಯಾವುದು ಸಕ್ರಮ ಅಂತ ಕೇಳದೆ ಬುಕ್ ಮಾಡಬೇಡಿ.

ವಿಠ್ಠಲ ದೇವಸ್ಥಾನಕ್ಕೆ ಹೋಗಲು ಬ್ಯಾಟರಿ ಗಾಡಿಗಳಿವೆ. ಓಡಿಸುವವರಲ್ಲಿ ಊರಿನ ಹೆಣ್ಣುಮಕ್ಕಳಿದ್ದಾರೆ. ಒಳಗೆ ಕಲ್ಲಿನ ಕಂಬ ತಟ್ಟಿ ಸಪ್ತಸ್ವರ ಕೇಳಿಸುವ ಚಟ ಬೇಡ. 2019ರಲ್ಲಿ ಹುಡುಗರು ಕಂಬ ಉರುಳಿಸಿದ ವಿಡಿಯೋ ಹರಿದಾಡಿತ್ತು. ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಅದೇ ಕಂಬವನ್ನು ಅವರ ಕೈಯಲ್ಲೇ ಎತ್ತಿ ನಿಲ್ಲಿಸಿತು. ನನಗೆ ಗೊತ್ತಿರುವ ಅತ್ಯಂತ ಸರಿಯಾದ ಶಿಕ್ಷೆ ಅದು.

ಏನು ತರೋದು

ಬೆಟ್ಟದ ಮೇಲಿನ ಅಂಗಡಿಯ ಕೀಚೈನು ಎಲ್ಲಿಂದಲೋ ಬಂದ ಪ್ಲಾಸ್ಟಿಕ್. ಅದರ ಬದಲು ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವ ಒಳಗಿನ ಬೀದಿಗೆ ಹೋಗಿ. ಯಂತ್ರದಲ್ಲಿ ತಿರುಗುವ ಆಲೆ ಎಂಬ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಬಣ್ಣ ಅಂಟುತ್ತದೆ. ಆಮೇಲೆ ಕೇದಗೆ ಗರಿ ಹಿಡಿದು ಹೊಳಪು ಕೊಡುತ್ತಾರೆ. ಎರಡು ನಿಮಿಷದಲ್ಲಿ ಒಂದು ಬುಗುರಿ. ಅಂಥ ಕಡೆ ಚೌಕಾಶಿ ಸ್ವಲ್ಪ ಕಡಿಮೆ ಮಾಡಿ. ಮಾಲ್‌ನಲ್ಲಿ ನಾವು ಚೌಕಾಶಿ ಮಾಡುವುದಿಲ್ಲವಲ್ಲ.

ಮಳೆ ಹಿಡಿದಾಗ

ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡು ತುಂಬ ಚೆನ್ನಾಗಿ ಕಾಣುತ್ತದೆ. ಅದೇ ತಿಂಗಳಲ್ಲಿ ಗುಡ್ಡವೂ ಕುಸಿಯುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಮನೆ, ತೋಟ, ರಸ್ತೆ ಕೊಚ್ಚಿಹೋದವು, ಜೀವಗಳೂ ಹೋದವು. ರೆಡ್ ಅಲರ್ಟ್ ಕೊಟ್ಟ ದಿನ ಜಲಪಾತ ನೋಡಲು ಹೋಗುವವರನ್ನು ಹುಡುಕಲು ಬರುವವರು ಅದೇ ಊರಿನ ಹುಡುಗರು. ಅವರ ಮನೆಯ ಮಾಡೇ ಆ ಹೊತ್ತಿಗೆ ಸೋರುತ್ತಿರುತ್ತದೆ.

ಹಾಗಂತ ಮಳೆ ಸುದ್ದಿ ಬಂದ ಕೂಡಲೇ ಬುಕಿಂಗ್ ರದ್ದು ಮಾಡಿ ಪೂರ್ತಿ ದುಡ್ಡು ವಾಪಸ್ ಕೇಳಿದರೆ ಮೂರು ರೂಮಿನ ಮನೆಯವರಿಗೆ ದೊಡ್ಡ ಪೆಟ್ಟು. ಕೊಡಗಿನಲ್ಲಿ 2018ರ ಆಮೇಲೆ ಮಳೆ ನಿಂತು ರಸ್ತೆ ಸರಿಹೋದ ಮೇಲೂ ಜನ ಬರಲು ಹಿಂಜರಿದರು. ರದ್ದು ಮಾಡುವುದೋ ಹೋಗುವುದೋ ಅನ್ನುವುದರ ನಡುವೆ ಇನ್ನೊಂದು ದಾರಿ ಇದೆ. ಫೋನ್ ಮಾಡಿ, "ಅಕ್ಕ, ಮುಂಗಡ ನಿಮ್ಮ ಹತ್ತಿರವೇ ಇರಲಿ, ಅಕ್ಟೋಬರ್‌ನಲ್ಲಿ ವಾರದ ಮಧ್ಯೆ ಬರ್ತೀವಿ" ಅನ್ನಿ. ದಸರಾ ಗಲಾಟೆ ಯಾವ ವಾರ ಅಂತ ಮಾತ್ರ ಕ್ಯಾಲೆಂಡರ್ ನೋಡಿಕೊಂಡು ದಿನ ಹೇಳಿ.